ಚೈತ್ರದ ಗೈರುಹಾಜರಿ

ಕನ್ನಡ ಕಾವ್ಯಪರಂಪರೆಯಲ್ಲಿ ವಸಂತವೆಂದರೆ ಆಗಮನದ ಋತು. ಮಾವು ಚಿಗುರುತ್ತದೆ, ಮಲ್ಲಿಗೆ ಬಿರಿಯುತ್ತದೆ, ಕೋಗಿಲೆ ಬಂದು ಕೂಗುತ್ತದೆ. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಬನವಾಸಿಯ ನಂದನದಲ್ಲಿ ಮರುಹುಟ್ಟು ಪಡೆಯುವ ಆಸೆ ಮೂಡಿದಾಗ ಬಯಸಲಾಗುವ ಎರಡು ಜನ್ಮಗಳಲ್ಲಿ ಒಂದು ಕೋಗಿಲೆಯದು. ಹತ್ತನೆಯ ಶತಮಾನದ ಆ ಬಯಕೆಯಿಂದ ಹಿಡಿದು ನವೋದಯದ ಭಾವಗೀತೆಗಳವರೆಗೆ ಈ ಹಕ್ಕಿಯ ಪಟ್ಟಕ್ಕೆ ಚ್ಯುತಿ ಬಂದಿಲ್ಲ. ಆದರೆ ಕೋಗಿಲೆ ಎಲ್ಲಿಂದಲೂ ಬರುವುದಿಲ್ಲ ಎಂಬುದು ಸಂಗತಿ. ಅದು ವರ್ಷವಿಡೀ ಇದೇ ನೆಲದಲ್ಲಿ, ಇದೇ ತೋಪುಗಳಲ್ಲಿ ಇರುವ ಹಕ್ಕಿ. ಚಳಿಗಾಲದಲ್ಲಿ ಬಹುಮಟ್ಟಿಗೆ ಮೌನವಾಗಿದ್ದು, ಕಾಗೆಗಳು ಗೂಡು ಕಟ್ಟುವ ಕಾಲ ಸಮೀಪಿಸಿದಾಗ ದನಿಯೆತ್ತುತ್ತದೆ. ಕಾಣದ ಹಕ್ಕಿಯ ದನಿ ಕೇಳಿದೊಡನೆ ಅದು ಬಂದಿತೆಂದು ಭಾವಿಸುವುದು ಕಿವಿಯ ಸಹಜ ತೀರ್ಮಾನ. ಕವಿಸಮಯ ಆ ತೀರ್ಮಾನವನ್ನು ಒಪ್ಪಿ ಮುದ್ರೆಯೊತ್ತಿತು.

ಪಕ್ಷಿಲೋಕದ ಲೆಕ್ಕದಲ್ಲಿ ದಕ್ಷಿಣ ಭಾರತದ ವಸಂತ ನಿರ್ಗಮನದ ಋತು. ಯುರೋಪಿನ ಮತ್ತು ಉತ್ತರ ಅಮೆರಿಕದ ಪಕ್ಷಿವೀಕ್ಷಕರು ಏಪ್ರಿಲ್ ಮೇ ತಿಂಗಳುಗಳಲ್ಲಿ ಮುಂಜಾನೆ ಎದ್ದು ತೋಟಕ್ಕೆ ಓಡುವುದು ಬರುವವರನ್ನು ಎದುರುಗೊಳ್ಳಲು. ಅವರ ಸಾಹಿತ್ಯದಲ್ಲಿ ವಸಂತಕ್ಕೆ ಇರುವ ಸಂಭ್ರಮದ ಮೂಲ ಅದೇ. ಆ ಸಾಹಿತ್ಯವನ್ನು ಇಂಗ್ಲಿಷಿನಲ್ಲಿ ಓದಿ ಬೆಳೆದ ಇಲ್ಲಿಯ ಓದುಗನಿಗೆ, ತನ್ನೂರಿನ ಯುಗಾದಿಯ ಆಸುಪಾಸಿನಲ್ಲಿ ನಡೆಯುವುದು ಅದರ ತಿರುವುಮುರುವು ಎಂಬುದು ತಟ್ಟನೆ ಹೊಳೆಯುವುದಿಲ್ಲ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಹಿಮಾಲಯದಿಂದ, ಮಧ್ಯ ಏಷ್ಯಾದಿಂದ, ಸೈಬೀರಿಯದಿಂದ ಬಂದ ಸಣ್ಣ ಹಾಡುಹಕ್ಕಿಗಳು ಮಾರ್ಚ್ ಏಪ್ರಿಲಿನ ರಾತ್ರಿಗಳಲ್ಲಿ ಒಂದೊಂದಾಗಿ ಹೊರಟುಹೋಗುತ್ತವೆ. ಬರುವವರನ್ನು ಗುರುತಿಸುವುದು ಸುಲಭ. ನಿನ್ನೆ ಇಲ್ಲದವನು ಇಂದು ಇದ್ದಾನೆ. ಹೋದವರನ್ನು ಗುರುತಿಸುವುದು ಬಲು ಕಷ್ಟ. ಹೋಗುವ ದಿನ ಯಾವ ಹಕ್ಕಿಯೂ ಹೇಳಿ ಹೋಗುವುದಿಲ್ಲ. ಇಂದು ಕಾಣದಿದ್ದುದು ಹೊರಟೇಹೋಗಿದೆಯೋ, ಪಕ್ಕದ ಮರದಲ್ಲಿದೆಯೋ ತಿಳಿಯಲು ನಾಳೆಯೂ ನಾಡಿದ್ದೂ ಬಂದು ನೋಡಬೇಕು. ಇಲ್ಲದಿರುವುದನ್ನು ದಾಖಲಿಸುವ ಈ ಕೆಲಸಕ್ಕೆ ಬೇಕಾದ ತಾಳ್ಮೆ ಬೇರೆಯೇ ಬಗೆಯದು.

ಅಂತಹ ತಾಳ್ಮೆಯುಳ್ಳ ಒಬ್ಬರು ನಂದಿಬೆಟ್ಟದ ಬುಡದ ಹಳ್ಳಿಯೊಂದರಲ್ಲಿದ್ದಾರೆ. ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದ ಅವರನ್ನು ಊರು ಇಂದಿಗೂ ‘ಮೇಷ್ಟ್ರು’ ಎಂದೇ ಕರೆಯುತ್ತದೆ. ಮೂವತ್ತು ವರ್ಷಗಳಿಗೂ ಮೀರಿದ ಅವರ ಪಕ್ಷಿದಾಖಲೆ ಇರುವುದು ಶಾಲೆಯಲ್ಲಿ ಉಳಿದುಹೋದ ಹಳೆಯ ಹಾಜರಿ ಪುಸ್ತಕಗಳಲ್ಲಿ. ಮಕ್ಕಳ ಹೆಸರು ಬರೆಯಬೇಕಾದ ಅಂಕಣದಲ್ಲಿ ಹಕ್ಕಿಗಳ ಹೆಸರು, ತಾರೀಖಿನ ಮನೆಗಳಲ್ಲಿ ‘ಹಾ’ ಅಥವಾ ‘ಗೈ’. ಹಾಜರಿ, ಗೈರುಹಾಜರಿ. ಬೆಟ್ಟಕ್ಕೆ ಹೋಗದ ದಿನಗಳಿಗೆ ಒಂದು ಅಡ್ಡಗೆರೆ. ಅಡ್ಡಗೆರೆಗೂ ‘ಗೈ’ಗೂ ಇರುವ ವ್ಯತ್ಯಾಸವನ್ನು ಅವರು ಬಹಳ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ನೋಡಲು ಹೋಗದಿರುವುದು ಬೇರೆ, ಹೋಗಿ ನೋಡಿಯೂ ಕಾಣದಿರುವುದು ಬೇರೆ. ಸಂಶೋಧನಾ ವಿಧಾನವನ್ನು ಕುರಿತ ಎಷ್ಟೋ ಪುಸ್ತಕಗಳು ಹಲವು ಪುಟಗಳಲ್ಲಿ ಹೇಳಲು ಹೆಣಗುವ ವಿವೇಕ ಆ ಎರಡು ಗುರುತುಗಳಲ್ಲಿದೆ.

1478 ಮೀಟರು ಎತ್ತರದ ನಂದಿಬೆಟ್ಟ ಬೆಂಗಳೂರಿಗರಿಗೆ ಸೂರ್ಯೋದಯದ, ಟಿಪ್ಪು ಡ್ರಾಪ್‌ನ, ಭಾನುವಾರದ ಮೋಟಾರುಬೈಕುಗಳ ಸ್ಥಳ. ಪಕ್ಷಿವೀಕ್ಷಕರಿಗೆ ಅದು ಬಯಲಿನ ನಡುವೆ ತಲೆಯೆತ್ತಿರುವ ಒಂದು ತಂಪಿನ ದ್ವೀಪ. ಸುತ್ತಲಿನ ನೀಲಗಿರಿ ತೋಪು, ದ್ರಾಕ್ಷಿಯ ಚಪ್ಪರ, ಕಲ್ಲುಗಣಿಗಳ ನಡುವೆ ಬೆಟ್ಟದ ನೆತ್ತಿಯಲ್ಲಿ ಮಂಜು ಕಟ್ಟುತ್ತದೆ, ಹಳೆಯ ಮರಗಳ ಮೇಲೆ ಪಾಚಿ ಬೆಳೆಯುತ್ತದೆ. ಪಶ್ಚಿಮಘಟ್ಟದ ವಾಸಿಯಾದ ನೀಲಗಿರಿ ಪಾರಿವಾಳದ ಒಂದು ಸಣ್ಣ ಬಳಗ ತನ್ನ ಬಂಧುಗಳಿಂದ ಬಹುದೂರ, ಇಲ್ಲಿ ಬೇರ್ಪಟ್ಟು ಉಳಿದುಕೊಂಡಿದೆ. ಇಳಿಜಾರಿನ ಬಂಡೆ ಕುರುಚಲುಗಳಲ್ಲಿ ಹಳದಿ ಕೊರಳಿನ ಪಿಕಳಾರವಿದೆ. ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಹಕ್ಕಿ ಅದು. ಹೀಗೆ ಹುಟ್ಟಿದ ಬೆಟ್ಟವನ್ನು ಬಿಡದ ಹಕ್ಕಿಗಳ ನಡುವೆಯೇ ಚಳಿಗಾಲದಲ್ಲಿ ಹಿಮಾಲಯದವರು ಬಂದು ಬಿಡಾರ ಹೂಡುತ್ತಾರೆ. ನೀಲಿ ನೆತ್ತಿಯ ಬಂಡೆಸಿಳ್ಳಾರ, ಪೊದೆಯ ನೆರಳಲ್ಲಿ ಬಾಲ ಕುಣಿಸುವ ನೀಲಿ ರಾಬಿನ್, ತಿಳಿನೀಲಿ ನೊಣಹಿಡುಕ, ಬಣ್ಣವನ್ನೆಲ್ಲ ಒಬ್ಬನೇ ಬಳಿದುಕೊಂಡ ನವರಂಗ. ನವರಂಗವನ್ನು ಶಾಸ್ತ್ರಜ್ಞರು ಹಾಡುಹಕ್ಕಿಗಳ ಗಣಕ್ಕೆ ಸೇರಿಸುವುದಿಲ್ಲ, ಅದರ ಗಂಟಲಿನ ರಚನೆ ಬೇರೆ. ಮೇಷ್ಟ್ರಿಗೆ ಈ ವಿಷಯ ಗೊತ್ತು. ಆದರೂ ಅವರ ಹಾಜರಿ ಪುಸ್ತಕದಲ್ಲಿ ಅದು ಹಾಡುಗಾರರ ಸಾಲಿನಲ್ಲೇ ಇದೆ.

ಆ ಪುಸ್ತಕದ ಮೊದಲ ಸಾಲಿನಲ್ಲಿರುವ ಹೆಸರು ಮಾತ್ರ ಇವುಗಳಲ್ಲಿ ಯಾವುದೂ ಅಲ್ಲ. ಅಲ್ಲಿರುವುದು ‘ಎಲೆಗುಬ್ಬಿ’ ಎಂದು ಅವರೇ ಇಟ್ಟುಕೊಂಡ ಹೆಸರು. ಇಂಗ್ಲಿಷಿನಲ್ಲಿ ಗ್ರೀನಿಷ್ ವಾರ್ಬ್ಲರ್ ಎನ್ನುವ, ಎಂಟು ಗ್ರಾಮಿನಷ್ಟು ತೂಗುವ, ಹೆಬ್ಬೆರಳಿಗಿಂತ ತುಸು ದೊಡ್ಡದಾದ ಹಕ್ಕಿ. ಮೇಲೆ ಮಾಸಿದ ಹಸಿರು, ಕೆಳಗೆ ಮಾಸಿದ ಬಿಳಿ, ಕಣ್ಣಿನ ಮೇಲೊಂದು ತೆಳುಹುಬ್ಬು, ರೆಕ್ಕೆಯ ಮೇಲೆ ಹುಡುಕಿದರೆ ಸಿಗುವ ಒಂದು ಬಿಳಿಗೀಟು. ವರ್ಣಿಸುವುದಕ್ಕೆ ಇದಕ್ಕಿಂತ ಹೆಚ್ಚೇನೂ ಇಲ್ಲ. ಅದರ ಶಾಸ್ತ್ರೀಯ ಕುಲನಾಮ ಫಿಲೊಸ್ಕೋಪಸ್. ಗ್ರೀಕಿನಲ್ಲಿ ‘ಎಲೆಗಳನ್ನು ಶೋಧಿಸುವುದು’ ಎಂಬ ಅರ್ಥ. ಹೆಸರಿಟ್ಟವನು ಹಕ್ಕಿಯ ಬಣ್ಣವನ್ನು ಬಿಟ್ಟು ಕಾಯಕವನ್ನು ನೋಡಿದ್ದಾನೆ. ಬೆಳಗಿನಿಂದ ಸಂಜೆಯವರೆಗೆ ಎಲೆಯ ಮಗ್ಗುಲು, ಎಲೆಯ ಅಡಿ, ಮತ್ತೊಂದು ಎಲೆ. ಕರ್ನಾಟಕದ ಯಾವ ಊರಿನ ಹುಣಸೆ, ಹೊಂಗೆ, ಅತ್ತಿಯ ಮರದಲ್ಲೂ ಅಕ್ಟೋಬರಿನಿಂದ ಏಪ್ರಿಲಿನವರೆಗೆ ಇದು ಇರಬಹುದು. ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಈ ನಾಡಿನಲ್ಲಿ ಕಳೆಯುವ ಹಕ್ಕಿಯನ್ನು ‘ವಲಸಿಗ’ ಎನ್ನುವುದರಲ್ಲಿಯೇ ಒಂದು ಬಗೆಯ ಉಪೇಕ್ಷೆಯಿದೆ. ಮನೆ ಯಾವುದು, ಪರಸ್ಥಳ ಯಾವುದು ಎಂಬುದನ್ನು ತೀರ್ಮಾನಿಸುವುದು ಗೂಡೇ ಆಗಬೇಕೆಂದು ಯಾರು ಹೇಳಿದರು?

ಈ ಸಾಧಾರಣ ಹಕ್ಕಿಯ ಹಿಂದೆ ಅಸಾಧಾರಣವಾದ ಒಂದು ಕಥೆಯಿದೆ. ಭಾಷಾವಿಜ್ಞಾನದ ವಿದ್ಯಾರ್ಥಿಗಳು ಅದನ್ನು ಗಮನಿಸಬೇಕು. ಮರಗಳಿಲ್ಲದ ಟಿಬೆಟ್ ಪ್ರಸ್ಥಭೂಮಿಯನ್ನು ಬಳಸಿಕೊಂಡು ಒಂದು ಉಂಗುರದಂತೆ ಈ ಹಕ್ಕಿಯ ಸಂತಾನಭೂಮಿ ಹರಡಿದೆ. ಹಿಮಾಲಯದ ದಕ್ಷಿಣ ಮಗ್ಗುಲಿನಿಂದ ಒಂದು ಕವಲು ಕಾಶ್ಮೀರ, ತಿಯಾನ್‌ಶಾನ್ ದಾಟಿ ಪಶ್ಚಿಮ ಸೈಬೀರಿಯಕ್ಕೆ, ಇನ್ನೊಂದು ಚೀನಾದ ಮೂಲಕ ಪೂರ್ವ ಸೈಬೀರಿಯಕ್ಕೆ ಏರುತ್ತದೆ. ಉದ್ದಕ್ಕೂ ನೆರೆಯವರ ಹಾಡು ನೆರೆಯವರಿಗೆ ತಿಳಿಯುತ್ತದೆ. ಹಾಡು ಬದಲಾಗುವುದು ಅಲ್ಪಸ್ವಲ್ಪವಾಗಿ. ಆದರೆ ಉಂಗುರದ ಎರಡು ತುದಿಗಳು ಮಧ್ಯ ಸೈಬೀರಿಯದಲ್ಲಿ ಸಂಧಿಸುವಾಗ ಒಂದರ ಹಾಡನ್ನು ಇನ್ನೊಂದು ತನ್ನದೆಂದು ಗುರುತಿಸುವುದಿಲ್ಲ, ಒಂದೇ ಕಾಡಿನಲ್ಲಿದ್ದರೂ ಅವು ಬಹುಮಟ್ಟಿಗೆ ಕೂಡುವುದಿಲ್ಲ. ಡ್ಯಾರೆನ್ ಅರ್ವಿನ್ ಮತ್ತು ಸಂಗಡಿಗರು 2001ರಲ್ಲಿ ಇದನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕುಂದಾಪುರದಿಂದ ಬೀದರಿನವರೆಗೆ ಊರೂರು ದಾಟುತ್ತ ಕನ್ನಡ ಬದಲಾಗುವ ಬಗೆಯನ್ನು ಬಲ್ಲವರಿಗೆ ಈ ವಿವರಣೆ ಅಪರಿಚಿತವೆನಿಸದು. ಹಾಗೆಂದು ಹೋಲಿಕೆಯನ್ನು ಅತಿಯಾಗಿ ಎಳೆಯುವುದು ಸಲ್ಲ. 2014ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಜೀನೋಮ್ ಅಧ್ಯಯನ ಈ ಉಂಗುರ ಎಲ್ಲ ಕಾಲದಲ್ಲೂ ಅಖಂಡವಾಗಿರಲಿಲ್ಲ, ನಡುನಡುವೆ ಕಡಿದುಹೋಗಿತ್ತು ಎಂದು ತೋರಿಸಿದೆ. ಉಪಭಾಷೆಗಳ ನಕ್ಷೆಯಲ್ಲೂ ಇಂತಹ ಕಡಿತಗಳು ಕಾಣುತ್ತವೆ ಎಂಬುದು ಬೇರೆ ಮಾತು.

ಇಲ್ಲಿ ಗಮನಿಸಬೇಕಾದುದು, ಆ ಪ್ರಸಿದ್ಧ ಹಾಡು ಕರ್ನಾಟಕದ ಪಾಲಿಗೆ ಇಲ್ಲ ಎಂಬುದು. ಹಾಡುಹಕ್ಕಿಗಳೆನಿಸಿಕೊಂಡವು ಇಲ್ಲಿರುವಷ್ಟು ಕಾಲ ಹಾಡುವುದು ಅಪರೂಪ. ಗಡಿಯನ್ನು ಸಾರುವ ಗೃಹಸ್ಥನ ಹಾಡು ಸಾವಿರಾರು ಕಿಲೋಮೀಟರು ಉತ್ತರದಲ್ಲಿ. ಇಲ್ಲಿ ಕೇಳುವುದು ‘ಚಿಸ್‌ವೀ’ ಎಂಬ ಎರಡಕ್ಷರದ ಒಂದು ಕೂಗು. ಟ್ರೆವರ್ ಪ್ರೈಸ್ 1981ರಲ್ಲಿ ಪ್ರಕಟಿಸಿದ ಪೂರ್ವಘಟ್ಟದ ಅಧ್ಯಯನವಾಗಲಿ, 1990ರ ದಶಕದಲ್ಲಿ ಮಧುಸೂದನ ಕಟ್ಟಿಯವರು ಪ್ರೈಸ್ ಅವರೊಡನೆ ತಮಿಳುನಾಡಿನ ಮುಂಡಂತುರೈಯಲ್ಲಿ ನಡೆಸಿದ ಅಧ್ಯಯನವಾಗಲಿ ನೋಡಿದ್ದು ಈ ಮೌನದ ಬದುಕನ್ನೇ. ಚಳಿಗಾಲದಲ್ಲೂ ಪ್ರತಿ ಹಕ್ಕಿಗೆ ತನ್ನದೇ ಆದ ಕೆಲವು ಮರಗಳ ಎಲ್ಲೆಯಿರುತ್ತದೆ. ಆ ಎರಡಕ್ಷರದಿಂದಲೇ ಅದನ್ನು ಕಾಯುತ್ತದೆ. ಹಿಂಗಾರು ಮಳೆಯ ಮೇಲೆ ಎಲೆಹುಳುಗಳು, ಎಲೆಹುಳುಗಳ ಮೇಲೆ ಹಕ್ಕಿಯ ಮೈಯಲ್ಲಿ ಕೂಡುವ ಕೊಬ್ಬು ಅವಲಂಬಿಸುತ್ತದೆ. ಮಾರ್ಚಿನ ನಡುವಿನಿಂದ ಒಂದು ಬದಲಾವಣೆ ಶುರುವಾಗುತ್ತದೆ. ಬೆಳಗಿನ ಹೊತ್ತು, ಬಿಸಿಲೇರುವ ಮುನ್ನ, ಅದೇ ಹಕ್ಕಿ ಕೆಳದನಿಯಲ್ಲಿ ಅರೆಬರೆಯಾಗಿ ಹಾಡತೊಡಗುತ್ತದೆ. ಮದುವೆಮನೆಗೆ ಹೊರಟವರು ಗಾಡಿಯಲ್ಲೇ ಸೋಬಾನೆ ಪದದ ಒಂದೆರಡು ಸಾಲು ಗುನುಗಿಕೊಂಡಂತೆ. ಈ ನಾಡಿಗೆ ದಕ್ಕುವುದು ಅಷ್ಟೇ. ಮೇಷ್ಟ್ರ ಪುಸ್ತಕದಲ್ಲಿ ಅಂತಹ ದಿನಗಳ ‘ಹಾ’ ಕೆಳಗೆ ಕೆಂಪುಶಾಯಿಯ ಒಂದು ಚುಕ್ಕೆಯಿರುತ್ತದೆ.

ಹೊರಡುವ ಗಳಿಗೆಯನ್ನು ಹಕ್ಕಿಗೆ ತಿಳಿಸುವವರು ಯಾರು? ಉತ್ತರದೇಶಗಳಲ್ಲಿ ಹಗಲಿನ ಅಳತೆ ತಿಳಿಸುತ್ತದೆ. ಬೆಂಗಳೂರಿನ ಅಕ್ಷಾಂಶದಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಎಬರ್‌ಹಾರ್ಡ್ ಗ್ವಿನರ್ 1960ರ ದಶಕದಿಂದ ಜರ್ಮನಿಯಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಹಗಲಿರುಳು ಸದಾ ಸಮವಾಗಿರುವ ಕೋಣೆಯಲ್ಲಿ ಇರಿಸಿದ ಉಲಿಯಕ್ಕಿಗಳೂ ಕಾಲ ಬಂದಾಗ ಕೊಬ್ಬು ಕೂಡಿಸಿಕೊಂಡು ರಾತ್ರಿಯೆಲ್ಲ ಪಂಜರದಲ್ಲಿ ಚಡಪಡಿಸಿದವು. ಮೈಯೊಳಗೇ ಒಂದು ಪಂಚಾಂಗವಿದೆ ಎಂದಾಯಿತು. ದಾರಿಗೆ ನಕ್ಷತ್ರಗಳ ನೆರವಿದೆ ಎಂಬುದನ್ನು ಅಮೆರಿಕದ ಸ್ಟೀಫನ್ ಎಮ್ಲೆನ್ 1967ರಲ್ಲಿ ತಾರಾಲಯದೊಳಗೆ ಹಕ್ಕಿಗಳನ್ನಿಟ್ಟು ತೋರಿಸಿದರು. ಅತಿಥಿ ಎಂಬ ಶಬ್ದಕ್ಕೆ ಸಾಂಪ್ರದಾಯಿಕ ನಿರ್ವಚನ ‘ತಿಥಿಯ ನಿಯಮವಿಲ್ಲದೆ ಬರುವವನು’ ಎಂದು. ಆ ಲೆಕ್ಕದಲ್ಲಿ ವಲಸೆ ಹಕ್ಕಿಗಳನ್ನು ‘ಚಳಿಗಾಲದ ಅತಿಥಿಗಳು’ ಎಂದು ಪತ್ರಿಕೆಗಳು ಬರೆಯುವುದು ಸರಿಯಾಗದು. ತಿಥಿಯನ್ನು ಇವುಗಳಷ್ಟು ಪಾಲಿಸುವವರು ಪುರೋಹಿತರಲ್ಲೂ ಕಡಿಮೆ.

ಹೆಸರಿನ ಪ್ರಶ್ನೆ ಇಲ್ಲಿ ಎದುರಾಗುತ್ತದೆ. ಎಂಟು ಗ್ರಾಮಿನ ಈ ಹಕ್ಕಿಗೆ ಜನಪದರಲ್ಲಿ ಪ್ರತ್ಯೇಕವಾದ ಹೆಸರು ಕೇಳಿಬರುವುದಿಲ್ಲ. ಗದ್ದೆಯ ಕಡೆಯವರಿಗೂ ಬೆಟ್ಟದ ಕಡೆಯವರಿಗೂ ಅದು ‘ಗುಬ್ಬಿ’, ಹೆಚ್ಚೆಂದರೆ ‘ಮರಗುಬ್ಬಿ’. ಪಿಕಳಾರ, ಮಡಿವಾಳ, ಸಿಂಪಿಗ, ಗೀಜಗ, ಕಾಜಾಣ ಎಂದು ಇಷ್ಟು ಸೊಗಸಾದ ಹೆಸರುಗಳನ್ನು ಸೃಷ್ಟಿಸಿದ ಭಾಷೆ ಇದರ ಮುಂದೆ ಏಕೆ ಮೌನವಾಯಿತು? ಒಂದು ಕಾರಣ ಸ್ಪಷ್ಟ. ಜನಪದ ನಾಮಕರಣಕ್ಕೆ ಬಳಕೆಯೋ ಬಾಧೆಯೋ ಬೆರಗೋ ಒಂದು ಬೇಕು. ಇದೇ ವಸಂತದಲ್ಲಿ ಮುತ್ತುಗದ, ಬೂರುಗದ ಹೂಗಳ ಮೇಲೆ ಗದ್ದಲವೆಬ್ಬಿಸಿ ಮಧ್ಯ ಏಷ್ಯಾಕ್ಕೆ ಮರಳುವ ಗುಲಾಬಿ ಕಬ್ಬಕ್ಕಿಗಳನ್ನು ಉತ್ತರ ಕರ್ನಾಟಕದ ಜೋಳದ ರೈತರು ಚೆನ್ನಾಗಿ ಬಲ್ಲರು. ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿದವರಿಗೆ ಅವು ಮರೆಯುವುದುಂಟೆ? ಎಲೆಗುಬ್ಬಿ ಬೆಳೆ ತಿನ್ನುವುದಿಲ್ಲ, ಸಾರಿಗಾಗುವುದಿಲ್ಲ, ಶಕುನ ನುಡಿಯುವುದಿಲ್ಲ. ಅದು ತಿನ್ನುವ ಹುಳುಗಳಿಂದ ಮರಗಳಿಗೆ ಆಗುವ ಉಪಕಾರ ಕಣ್ಣಿಗೆ ಕಾಣುವಂಥದಲ್ಲ.

ಗ್ರಂಥಸ್ಥ ಪರಂಪರೆಯೂ ಇದರಲ್ಲಿ ಹೆಚ್ಚು ನೆರವಾಗುವುದಿಲ್ಲ. ನಿಘಂಟುಗಳಲ್ಲಿ ಎಷ್ಟೋ ಹಕ್ಕಿಗಳ ಹೆಸರಿನ ಮುಂದಿರುವ ಅರ್ಥ ‘ಒಂದು ಬಗೆಯ ಪಕ್ಷಿ’ ಎಂದು ಮಾತ್ರ. ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು, ವರದಿ ಇಂಗ್ಲಿಷಿನಲ್ಲಿ ಬಂತು. ಕನ್ನಡದಲ್ಲಿ ಹಕ್ಕಿಗಳ ಹೆಸರಿನ ಬಡತನವನ್ನು ಒಂದು ಸಾಂಸ್ಕೃತಿಕ ಸಮಸ್ಯೆಯೆಂದು ಗ್ರಹಿಸಿ ಅದಕ್ಕೆ ಕೈಹಾಕಿದವರಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಮುಖ್ಯರು. ಅವರ ‘ಕನ್ನಡ ನಾಡಿನ ಹಕ್ಕಿಗಳು’ ಸಂಪುಟಗಳಿಂದ ಒಂದು ತಲೆಮಾರಿನ ಹುಡುಗರು ಮೂಡಿಗೆರೆಯ ಕಾಡಿನಲ್ಲಿ ಮಾತ್ರವಲ್ಲದೆ ತಮ್ಮ ತಮ್ಮ ಹಿತ್ತಿಲುಗಳಲ್ಲೂ ಹಕ್ಕಿಗಳನ್ನು ಕನ್ನಡದಲ್ಲಿ ನೋಡಲು ಕಲಿತರು. ಆನಂತರ ಬಂದ ಪಟ್ಟಿಗಳಲ್ಲಿ ವಾರ್ಬ್ಲರುಗಳಿಗೆ ‘ಉಲಿಯಕ್ಕಿ’ ಎಂಬ ಚೆಲುವಾದ ಹೆಸರು ನೆಲೆಗೊಂಡಿದೆ. ಆದರೆ ಪಟ್ಟಿಯಲ್ಲಿರುವುದು ಬೇರೆ, ನಾಲಗೆಯ ಮೇಲಿರುವುದು ಬೇರೆ. ಮೇಷ್ಟ್ರು ಆ ಪಟ್ಟಿಗಳನ್ನು ನೋಡಿದ್ದಾರೆ. “ಎಲೆಗುಬ್ಬಿ ಅಂತ ನಾನು ಮೂವತ್ತು ವರ್ಷ ಕರೆದಿದೀನಿ, ಅದು ಓಗೊಟ್ಟಿದೆ” ಎನ್ನುತ್ತಾರೆ.

ಈಚಿನ ಒಂದು ಏಪ್ರಿಲಿನ ಮೊದಲ ಭಾನುವಾರ ಬೆಟ್ಟದಲ್ಲಿ ಎಂದಿಲ್ಲದ ಗುಂಪು. ಅಮೃತ ಸರೋವರದತ್ತ ಇಳಿಯುವ ಹಾದಿಯ ಪಕ್ಕ, ತರಗೆಲೆ ತುಂಬಿದ ಚರಂಡಿಯ ಅಂಚಿನಲ್ಲಿ, ಹಿಂದಿನ ಸಂಜೆ ಯಾರೋ ಪೈಡ್ ಥ್ರಷ್ ಕಂಡಿದ್ದರು. ಮೊಬೈಲಿನಲ್ಲಿ ಸುದ್ದಿ ಬೆಂಗಳೂರು ಮುಟ್ಟಿ, ಬೆಳಗಾಗುವ ವೇಳೆಗೆ ಉದ್ದ ಮಸೂರದ ಕ್ಯಾಮೆರಾಗಳು ಸಾಲುಗಟ್ಟಿದ್ದವು. ಕಪ್ಪುಬಿಳುಪಿನ ಸಿಳ್ಳಾರ ಎಂದು ಕರೆಯಬಹುದಾದ ಈ ಹಕ್ಕಿಯ ಗಂಡು ನಿಜಕ್ಕೂ ನೋಡುವಂಥದು. ಇದ್ದಿಲಿನ ಮೈ, ಸುಣ್ಣದಲ್ಲಿ ಎಳೆದಂತಹ ಉದ್ದ ಹುಬ್ಬು, ರೆಕ್ಕೆಯ ಮೇಲೆ ಬಿಳಿಯ ಬೊಟ್ಟುಗಳು, ಹಳದಿ ಕೊಕ್ಕು. ಮಧ್ಯ ಹಿಮಾಲಯದಲ್ಲಿ ಮರಿ ಮಾಡಿ ಶ್ರೀಲಂಕಾದ ಬೆಟ್ಟಗಳಲ್ಲಿ ಚಳಿಗಾಲ ಕಳೆಯುವ ಇದು ದಖ್ಖನ್ನಿನ ಮೇಲೆ ರಾತ್ರಿ ಹಾದುಹೋಗುತ್ತದೆ. ದಾರಿಯಲ್ಲಿ ದಣಿದೋ ಮಂಜಿಗೆ ಸಿಕ್ಕೋ ಒಂದೆರಡು ದಿನ ಇಳಿದರೆ ಇಳಿಯಿತು, ಇಲ್ಲದಿದ್ದರೆ ಇಲ್ಲ. ಅದರ ಶಾಸ್ತ್ರೀಯ ಹೆಸರಿನಲ್ಲಿ ವಾರ್ಡ್ ಎಂಬ ಕಂಪನಿ ಕಾಲದ ಅಧಿಕಾರಿಯ ನೆನಪಿದೆ. ಹೀಗೆ ಅಧಿಕಾರಿಗಳ ಹೆಸರು ಹೊತ್ತು ಹಾರುವ ಹಕ್ಕಿಗಳು ಭಾರತದ ಪಟ್ಟಿಯಲ್ಲಿ ಅನೇಕ. ವಸಾಹತುಶಾಹಿ ನಾಮಕರಣವನ್ನು ಕುರಿತು ಒಂದು ಪ್ರತ್ಯೇಕ ಪ್ರಬಂಧಕ್ಕೆ ಅದು ವಸ್ತು.

ವಿರಳತೆಯೆಂಬುದು ಹಕ್ಕಿಯ ಗುಣವೋ, ನೋಡುವವನು ನಿಂತ ಜಾಗದ ಗುಣವೋ ಎಂದು ಆ ಗುಂಪನ್ನು ನೋಡಿದವರಿಗೆ ಅನಿಸದೆ ಇರದು. ನುವಾರ ಎಲಿಯದ ವಿಕ್ಟೋರಿಯಾ ಉದ್ಯಾನದಲ್ಲಿ, ಊರಿನ ಕೊಳೆನೀರು ಹರಿಯುವ ತೊರೆಯ ದಡದಲ್ಲಿ ಇದೇ ಸಿಳ್ಳಾರ ತಿಂಗಳುಗಟ್ಟಲೆ ತರಗೆಲೆ ಕೆದಕಿಕೊಂಡಿರುತ್ತದೆ. ಅಲ್ಲಿ ನಿವಾಸಿ, ಇಲ್ಲಿ ದಾರಿಹೋಕ. ಬೆಟ್ಟದ ಆ ಬೆಳಗಿನಲ್ಲಿ ಮಾತ್ರ ಅದಕ್ಕೆ ದರ್ಶನಭಾಗ್ಯದ ಮೌಲ್ಯ ಬಂದಿತ್ತು. ಒಬ್ಬಾತ ಜೇಬಿನಿಂದ ಸಣ್ಣ ಸ್ಪೀಕರು ತೆಗೆದು ಅದರ ಕೂಗನ್ನು ಬಾರಿಸಲು ಹೊರಟಾಗ ಹಿರಿಯರೊಬ್ಬರು ತಡೆದರು. ಸಾವಿರಾರು ಕಿಲೋಮೀಟರಿನ ನಡುವೆ ಒಂದು ಹೊತ್ತು ಉಂಡು ದಣಿವಾರಿಸಿಕೊಳ್ಳಲು ಇಳಿದ ಪ್ರಾಣಿಯನ್ನು ಇಲ್ಲದ ಎದುರಾಳಿಯ ದನಿ ಕೇಳಿಸಿ ಓಡಾಡಿಸುವುದು ಕ್ರೌರ್ಯವೇ ಸರಿ. ಒಳ್ಳೆಯ ಪಕ್ಷಿವೀಕ್ಷಕರು ಇದನ್ನು ಮಾಡುವುದಿಲ್ಲ. ಒಳ್ಳೆಯ ಛಾಯಾಚಿತ್ರ ಬೇಕಾದವರಲ್ಲಿ ಕೆಲವರು ಮಾಡುತ್ತಾರೆ.

ಮೇಷ್ಟ್ರು ಗುಂಪಿನ ಹಿಂದೆ ನಿಂತು ಸಿಳ್ಳಾರವನ್ನು ಎರಡು ನಿಮಿಷ ಕಣ್ತುಂಬ ನೋಡಿದರು. ನಡುವೆ ಹನ್ನೊಂದು ವರ್ಷ ಕಳೆದಿತ್ತಂತೆ. ಆಮೇಲೆ ತಮ್ಮ ಪಾಡಿಗೆ ಮೇಲಿನ ಅತ್ತಿಮರದ ಕಡೆಗೆ ನಡೆದರು. ಜೊತೆಗೆ ಮೊಮ್ಮಗಳಿದ್ದಳು. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಸಿ, ಮುಂದಿನ ಪ್ರವೇಶ ಪರೀಕ್ಷೆಯ ತನಕ ಸಿಕ್ಕ ಬಿಡುವಿನಲ್ಲಿ ತಾತನ ಚೀಲ ಹೊರಲು ಬಂದವಳು. ಹಾಜರಿ ಪುಸ್ತಕ ಆ ಚೀಲದಲ್ಲಿತ್ತು. ಅತ್ತಿಮರದ ಕೆಳಗೆ ಇಪ್ಪತ್ತು ನಿಮಿಷ ನಿಂತ ಮೇಲೆ ಅವರು ಪುಸ್ತಕ ತೆರೆದು ಮೊದಲ ಸಾಲಿನ ಮುಂದೆ ‘ಗೈ’ ಎಂದು ಬರೆದರು.

“ಯಾಕೆ ತಾತ, ಯಾರು ಗೈರುಹಾಜರಿ?”

“ಎಲೆಗುಬ್ಬಿ ಕಣಮ್ಮ. ಹೊರಟುಹೋಗಿದೆ. ವರ್ಷವರ್ಷಕ್ಕೂ ಬೇಗ ಹೋಗ್ತಿದಾವೆ. ಮುಂಚೆ ಅಶ್ವಿನಿ ಮಳೆ ತನಕ ಇರ್ತಿದ್ದವು.”

“ಮತ್ತೆ ಇಷ್ಟೊತ್ತಿಂದ ಚಿಸ್‌ವೀ ಚಿಸ್‌ವೀ ಅಂತ ಕೂಗ್ತಾ ಇರೋದು ಯಾವುದು ತಾತ?”

ಮೇಷ್ಟ್ರು ಕಿವಿಯ ಹಿಂದೆ ಅಂಗೈಯನ್ನು ಬಟ್ಟಲು ಮಾಡಿ ಹಿಡಿದರು. ದೂರದಲ್ಲಿ ಕೋಗಿಲೆ ಕೂಗುತ್ತಿತ್ತು, ಅದು ಕೇಳಿಸಿತು. ಕೆಳಗಿನ ಗುಂಪಿನ ಕ್ಯಾಮೆರಾಗಳ ಸದ್ದು ಕೇಳಿಸಿತು. ಮೊಮ್ಮಗಳು ಬೆರಳು ತೋರಿದ ಕೊಂಬೆಗೆ ದೂರದರ್ಶಕ ಹಿಡಿದಾಗ ಹಕ್ಕಿ ಕಂಡಿತು. ಎಲೆಯ ಅಡಿ ಇಣುಕಿ, ಕೊಕ್ಕು ತೆರೆದು, ಮುಚ್ಚಿ, ಮತ್ತೆ ತೆರೆಯಿತು. ದನಿ ಮಾತ್ರ ಬರಲಿಲ್ಲ.

ವಯಸ್ಸಾದಂತೆ ಒಳಗಿವಿಯ ಸೂಕ್ಷ್ಮಕೋಶಗಳು ಸಾಯುವುದು ಎತ್ತರದ ಶ್ರುತಿಯ ಕಡೆಯಿಂದ. ಎದುರಿನವರ ಮಾತು ಕೇಳಿಸುತ್ತಿರುವಾಗಲೇ, ನಾಲ್ಕು ಸಾವಿರ ಹರ್ಟ್ಸ್‌ಗಿಂತ ಮೇಲಿನ ಲೋಕ ಸದ್ದಿಲ್ಲದೆ ಕಳಚಿಕೊಳ್ಳುತ್ತದೆ. ಉಲಿಯಕ್ಕಿಗಳ ಕೂಗು ಹೆಚ್ಚಾಗಿ ಅಲ್ಲಿರುತ್ತದೆ. ಕೋಗಿಲೆಯದು ಅದಕ್ಕಿಂತ ಬಹಳ ಕೆಳಗಿನ ಶ್ರುತಿ. ಮುಪ್ಪಿನ ಕಿವಿಗೂ ಅದು ಎಟುಕುತ್ತದೆ. ಕವಿಗಳು ಕೊನೆಯವರೆಗೂ ಕೋಗಿಲೆಯನ್ನು ಬಿಡದಿದ್ದುದಕ್ಕೆ ಇದೂ ಒಂದು ಕಾರಣವಿರಬಹುದೆಂದು ತಮಾಷೆಗೆ ಹೇಳಬಹುದು. ಎಲೆಯ ದಟ್ಟಣೆಯಲ್ಲಿ ಎಂಟು ಗ್ರಾಮಿನ ಹಕ್ಕಿಯನ್ನು ಯಾರೂ ಮೊದಲು ಕಣ್ಣಿನಿಂದ ಹುಡುಕುವುದಿಲ್ಲ, ಕಿವಿ ಹೇಳಿದ ಕಡೆಗೆ ಕಣ್ಣು ಹೋಗುತ್ತದೆ. ಹಾಗಾದರೆ ಹತ್ತು ವರ್ಷಗಳಿಂದ ಪುಸ್ತಕದಲ್ಲಿ ಮೊದಲ ‘ಗೈ’ ಏಪ್ರಿಲಿನ ನಡುವಿನಿಂದ ಏಪ್ರಿಲಿನ ಆರಂಭಕ್ಕೆ, ಅಲ್ಲಿಂದ ಮಾರ್ಚಿನ ಕೊನೆಗೆ ಹಿಂದೆ ಸರಿಯುತ್ತ ಬಂದುದು ಹಕ್ಕಿಯ ನಿರ್ಗಮನದ ಚರಿತ್ರೆಯೋ, ಬರೆದವರ ಕಿವಿಯ ಚರಿತ್ರೆಯೋ?

ಈ ಪ್ರಶ್ನೆ ಒಬ್ಬರ ಖಾಸಗಿ ಪ್ರಶ್ನೆಯಾಗಿ ಮುಗಿಯುವುದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ 2007ರಲ್ಲಿ ಆರಂಭವಾದ ‘ಮೈಗ್ರಂಟ್‌ವಾಚ್’ ಯೋಜನೆ ಬಯಸಿದ್ದು ಇಂತಹದೇ ದಾಖಲೆಗಳನ್ನು: ಯಾವ ಹಕ್ಕಿ ಯಾವ ದಿನ ಮೊದಲು ಕಂಡಿತು, ಯಾವ ದಿನ ಕೊನೆಗೆ ಕಂಡಿತು. ಸುಮಾರು 30,000 ವೀಕ್ಷಕರ ದಾಖಲೆಗಳನ್ನು ಆಧರಿಸಿ 942 ಪ್ರಭೇದಗಳನ್ನು ಪರಿಶೀಲಿಸಿದ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ, ದೂರದಿಂದ ವಲಸೆ ಬರುವ ಹಕ್ಕಿಗಳು ಇಲ್ಲಿಯೇ ನೆಲೆಸಿರುವವುಗಳಿಗಿಂತ ಹೆಚ್ಚು ಕುಸಿದಿವೆ ಎಂದು ಹೇಳುತ್ತದೆ. ನಷ್ಟ ನಿಜವಾದುದು. ಸಾವಿರಾರು ಕಿವಿಗಳು ಸೇರಿದಾಗ ಒಂದೊಂದು ಕಿವಿಯ ಕೊರತೆ ಲೆಕ್ಕದಲ್ಲಿ ಸರಿತೂಗಬಹುದು. ಒಂದೇ ಬೆಟ್ಟದ, ಒಬ್ಬರೇ ಬರೆದ, ಮೂವತ್ತು ವರ್ಷಗಳ ಪುಸ್ತಕಕ್ಕೆ ಆ ಆಸರೆಯಿಲ್ಲ. ಹಸ್ತಪ್ರತಿಗಳೊಡನೆ ಕೆಲಸ ಮಾಡುವವರಿಗೆ ಇದು ಪರಿಚಿತವಾದ ಸಂಕಟ. ಪ್ರತಿಯಲ್ಲಿ ಒಂದು ಸಾಲು ಇಲ್ಲವೆಂದರೆ ಅದು ಮೂಲದಲ್ಲೇ ಇರಲಿಲ್ಲವೋ, ಲಿಪಿಕಾರನ ಕಣ್ಣು ಜಾರಿತೋ ಎಂಬ ಸಂಶಯ ಕೊನೆಯವರೆಗೂ ಉಳಿಯುತ್ತದೆ. ಪಾಠಾಂತರಕ್ಕೆ ಇನ್ನೊಂದು ಪ್ರತಿ ಬೇಕು. ಬೆಟ್ಟದ ಈ ಗ್ರಂಥಕ್ಕೆ ಇನ್ನೊಂದು ಪ್ರತಿಯಿರಲಿಲ್ಲ.

ಮೇಷ್ಟ್ರು ಆ ದಿನದ ‘ಗೈ’ಯನ್ನು ಅಳಿಸಲಿಲ್ಲ. ಹಾಜರಿ ಪುಸ್ತಕದಲ್ಲಿ ತಿದ್ದಿದರೆ ತಿದ್ದುಪಡಿಗೆ ಸಹಿ ಹಾಕಬೇಕೆಂಬುದು ಇಲಾಖೆಯ ನಿಯಮ. ಅವರು ಅದರ ಕೆಳಗೆ ಒಂದು ಗೆರೆ ಎಳೆದು ಹೊಸ ಸಾಲು ಮಾಡಿದರು. ಹಳೆಯ ಸಾಲಿನ ಪಕ್ಕದಲ್ಲಿ ‘ಕಂಡದ್ದು’, ಹೊಸ ಸಾಲಿನ ಪಕ್ಕದಲ್ಲಿ ‘ಕೇಳಿದ್ದು’ ಎಂದು ಬರೆದು, ಪೆನ್ನನ್ನು ಮೊಮ್ಮಗಳ ಕೈಗೆ ಕೊಟ್ಟರು. ಅವಳು ಮೊದಲ ‘ಹಾ’ ಬರೆದಳು. ಅನಂತರ, ಹಕ್ಕಿಯ ಕಂಡ ಕೊಕ್ಕನ್ನು ನೆನೆದು, ಅವರು ತಮ್ಮ ಸಾಲಿನಲ್ಲೂ ‘ಗೈ’ಯ ಪಕ್ಕ ಚಿಕ್ಕದಾಗಿ ‘ಹಾ’ ಬರೆದು ಸಹಿ ಹಾಕಿದರು.

ಸಿಳ್ಳಾರ ಸೋಮವಾರ ಬೆಳಗ್ಗೆ ಇರಲಿಲ್ಲ. ಕ್ಯಾಮೆರಾಗಳೂ ಇರಲಿಲ್ಲ. ತಾತ ಮೊಮ್ಮಗಳು ಮೆಟ್ಟಿಲು ಹತ್ತುವುದನ್ನು ಮುಂದುವರಿಸಿದರು. ಎರಡನೆಯ ವಾರ ಮೊದಲ ಮಳೆ ಬಿದ್ದು ಅತ್ತಿಮರದ ಬುಡದಲ್ಲಿ ಮಣ್ಣಿನ ವಾಸನೆ ಎದ್ದಿತು. ಹುಡುಗಿ ಎಲೆಗುಬ್ಬಿಯ ಅರೆಹಾಡನ್ನು ಎರಡು ಬೆಳಗು ಕೇಳಿದಳು, ತಾತನಿಗೆ ತನ್ನ ಬಾಯಿಯಿಂದಲೇ, ಒಂದು ಮಟ್ಟ ಕೆಳಗಿನ ಶ್ರುತಿಯಲ್ಲಿ, ಅದನ್ನು ಸಿಳ್ಳು ಹಾಕಿ ತೋರಿಸಿದಳು. ‘ಕೇಳಿದ್ದು’ ಸಾಲಿನಲ್ಲಿ ಕೆಂಪು ಚುಕ್ಕೆ ಎರಡು. ಕೊನೆಯ ‘ಹಾ’ ಏಪ್ರಿಲ್ 19ರದು. 20, 21, 22ಕ್ಕೆ ಎರಡೂ ಸಾಲುಗಳಲ್ಲಿ ‘ಗೈ’. 23ಕ್ಕೆ ಅಡ್ಡಗೆರೆ, ಅಂದು ಹುಡುಗಿಗೆ ಪ್ರವೇಶ ಪರೀಕ್ಷೆಯಿತ್ತು.